ಹನ್ನೆರಡನೇ ಸೀಟು ಮತ್ತು ನಾಲ್ಕು ಜೊತೆ ಬೂಟು

ಡೆಲ್ಬರ್ಟ್ ಹಫ್ನೇಗಲ್ ಹನ್ನೊಂದು ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ಆಟವನ್ನು ಅರ್ಧವೇ ನೋಡುತ್ತ ಬಂದಿದ್ದ. ಇದರಲ್ಲಿ ಅವನ ಕಣ್ಣಿನ ತಪ್ಪೇನೂ ಇರಲಿಲ್ಲ. ನಮ್ಮ ಕಾರ್ವರ್ ಕ್ರೀಕ್‌ನಲ್ಲಿ ಇರುವ ಜನ ಸಾವಿರದ ನಾನೂರು. ಹೈಸ್ಕೂಲಿನ ಆಟದ ಹಾಲಿನಲ್ಲಿ ಇರುವ ಸೀಟು ಎರಡು ಸಾವಿರ. ಆದರೂ ಒಂದೇ ಒಂದು ಸೀಟು ಖಾಲಿ ಇಲ್ಲ. ಬೇರೆ ಊರಿನ ಗಣಿತದ ಮೇಷ್ಟರಿಗೆ ಇದು ಒಗಟು, ಬ್ಯಾಸ್ಕೆಟ್‌ಬಾಲ್ ಹುಚ್ಚಿನ ನಮ್ಮ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದವನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸುತ್ತಲಿನ ಹೊಲಗಳಿಂದಲೂ ಜನ ಬರುತ್ತಾರೆ. ಸೀಟು ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಉಯಿಲಿನ ಪ್ರಕಾರ ಹೋಗುತ್ತದೆ. ಹೊಲ ಮಾರಿಕೊಂಡವರನ್ನು ನಾನು ನೋಡಿದ್ದೇನೆ, ಸೀಟು ಬಿಟ್ಟುಕೊಟ್ಟವರನ್ನು ನೋಡಿಲ್ಲ.

ಡೆಲ್ಬರ್ಟ್ ಊರಿಗೆ ಅಳಿಯನಾಗಿ ಬಂದವನು. ಅವನ ಹೆಂಡತಿ ಲವರ್ನ್‌ಳ ಅಪ್ಪನ ಸೀಟು ಅವಳ ಅಣ್ಣನ ಪಾಲಾಗಿತ್ತು. ಹೀಗಾಗಿ ಅಳಿಯಂದಿರು ಕಟ್ಟಡ ಬೆಚ್ಚಗಿಡುವ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಲ್ಲಬೇಕು. ಆ ಬಾಗಿಲಿನ ಎದುರಿಗೆ ಒಂದು ದಪ್ಪ ಕಂಬವಿದೆ. ಕಂಬದ ಈಚೆಗಿನ ಬುಟ್ಟಿ ಕಾಣುತ್ತದೆ, ಆಚೆಗಿನ ಬುಟ್ಟಿ ಕಾಣುವುದಿಲ್ಲ. ಚೆಂಡು ಆಚೆ ಹೋದಾಗಲೆಲ್ಲ ಡೆಲ್ಬರ್ಟ್ ಕತ್ತು ಬಗ್ಗಿಸಿ, ನೆಲದ ಮೇಲೆ ಬೂಟುಗಳು ಉಜ್ಜುವ ಸದ್ದು ಕೇಳಿಸಿಕೊಂಡು ತನ್ನಷ್ಟಕ್ಕೆ ತಾನು ಗೊಣಗುತ್ತಿದ್ದ: "ಈಗ ನಿಂತ... ಈಗ ತಿರುಗಿದ... ಹಾರಿದ." ಆಮೇಲೆ ಜನರ ಕೂಗು ಕೇಳಿಸುತ್ತಿತ್ತು. ನನಗೆ ಆರನೇ ಸಾಲಿನಲ್ಲಿ ಅಪ್ಪನ ಸೀಟಿದೆ. ಕಾಫಿ ತರಲು ಎದ್ದುಹೋಗುವಾಗ ಇದನ್ನು ಎಷ್ಟೋ ಸಲ ಕೇಳಿದ್ದೆ, ಪಾಪ ಎಂದುಕೊಂಡು ಮುಂದೆ ಹೋಗಿದ್ದೆ.

ನಾನು ಊರಿನ ಕ್ಷೌರಿಕ. ಊರಿನ ತಲೆಗಳ ಹೊರಗೂ ಒಳಗೂ ಏನಿದೆ ಎಂದು ಬಲ್ಲವನು. ಡೆಲ್ಬರ್ಟನ ತಲೆಯೊಳಗೆ ಎರಡು ವರ್ಷದಿಂದ ಒಂದು ಹಂದಿ ಹೊಕ್ಕಿತ್ತು. ನಡೆದದ್ದು ಇಷ್ಟೇ. ಜಿಲ್ಲೆಯ ಬೇಸಿಗೆ ಮೇಳದಲ್ಲಿ ಹಂದಿಗಳ ಸ್ಪರ್ಧೆಗೆ ಬಂದಿದ್ದ ತೀರ್ಪುಗಾರರು ಹಳಸಿದ ಆಲೂಗಡ್ಡೆ ಸಾಲಡ್ ತಿಂದು ಮಲಗಿಬಿಟ್ಟರು. ಹಂದಿಗಳನ್ನು ನಿಲ್ಲಿಸುವ ಕಟಕಟೆಯ ಪಕ್ಕದಲ್ಲಿ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದವನು ಡೆಲ್ಬರ್ಟ್ ಒಬ್ಬನೇ. ಅವನು ಧಾನ್ಯದ ಗೋದಾಮಿನಲ್ಲಿ ಮೆಕ್ಕೆಜೋಳ ತೂಗುವವನು; ತೂಕ ಬಲ್ಲವನಿಗೆ ಹಂದಿ ಗೊತ್ತಿರದೇ ಇರುತ್ತದೆಯೇ ಎಂದು ಅವನನ್ನು ಒಳಗೆ ತಳ್ಳಿದರು. ಅವನು ನಾಲ್ಕು ಹಂದಿಗಳನ್ನು ಒಂದರ ಹಿಂದೆ ಒಂದು ಸಾಲು ಮಾಡಿದ. ಯಾರೂ ತಕರಾರು ಎತ್ತಲಿಲ್ಲ, ಏಕೆಂದರೆ ನಾಲ್ಕರಲ್ಲಿ ಮೂರು ಒಂದೇ ಮನೆಯ ಹಂದಿಗಳಾಗಿದ್ದವು.

ನಮ್ಮ ಕಡೆಯ ಪದ್ಧತಿ ಹೀಗಿದೆ. ತೀರ್ಪುಗಾರ ನಾಲ್ಕನ್ನೂ ಸಾಲು ಮಾಡಿದ ಮೇಲೆ ಕೈ ಹಿಂದಕ್ಕೆ ಕಟ್ಟಿ ನಿಂತು, ಯಾವುದಕ್ಕೆ ಯಾಕೆ ಆ ಸ್ಥಾನ ಎಂದು ಕಾರಣ ಹೇಳಬೇಕು. ತಾನು ಕಣ್ಣಾರೆ ಕಂಡದ್ದನ್ನೇ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಸೋತವನೂ ಬಂದು ಅವನ ಕೈ ಕುಲುಕಿ ಮನೆಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋದವರು ಬೇಕಾದಷ್ಟಿದ್ದಾರೆ, ಹಂದಿಯ ತೀರ್ಪಿನ ಮೇಲೆ ಹೋದವರು ಒಬ್ಬರೂ ಇಲ್ಲ. ಅಂದಿನಿಂದ ಡೆಲ್ಬರ್ಟನಿಗೆ ಒಂದು ಚಟ ಹತ್ತಿತು. ಚರ್ಚಿನ ಊಟದಲ್ಲಿ ಹಣ್ಣು ತುಂಬಿ ಬೇಯಿಸಿದ ನಾಲ್ಕು ಪೈ ಇಟ್ಟಿದ್ದರೆ ಗಲ್ಲ ಹಿಡಿದುಕೊಂಡು ಅವುಗಳ ಸುತ್ತ ನಡೆದು, "ಎರಡು, ನಾಲ್ಕು, ಒಂದು, ಮೂರು" ಎನ್ನುತ್ತಿದ್ದ. ಮೂರನೆಯದನ್ನು ಮಾಡಿದ ಹೆಂಗಸು ಮನೆಗೆ ಹೋಗಿ ಅಳುತ್ತಿದ್ದಳು.

ಆ ಅಕ್ಟೋಬರಿನಲ್ಲಿ ಶಾಲೆಯ ತಂಡಕ್ಕೆ ಹೊಸ ಬೂಟು ಕೊಳ್ಳುವ ವಿಷಯ ಬಂತು. ಬೂಟೆಂದರೆ ಎಲ್ಲರಿಗೂ ಗೊತ್ತಿರುವಂಥದೇ: ಕಪ್ಪು ಕ್ಯಾನ್ವಾಸ್, ಬಿಳಿ ರಬ್ಬರ್ ಮೂತಿ, ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರದ ಕತ್ತು. ನಾಲ್ಕು ಕಂಪನಿಗಳವರು ಒಂದೊಂದು ಜೊತೆ ಮಾದರಿ ಕಳಿಸಿದ್ದರು. ಪ್ರಿನ್ಸಿಪಾಲ್ ಕ್ಲೋವಿಸ್ ಸ್ಟ್ರೌಡ್ ಅವರಿಗೆ ಚಕ್ರದ ಗುರುತಿನ ಬೂಟು ಬೇಕು. ಕೋಚ್ ಗಸ್ ಪ್ರುಯಿಟ್‌ಗೆ ಹದ್ದಿನ ಗುರುತಿನದು ಬೇಕು. ಇಬ್ಬರೂ ಮೂರು ವಾರ ಜಗಳವಾಡಿ, ಕೊನೆಗೆ ಒಂದು ಶನಿವಾರ ಜಗಳವನ್ನು ನನ್ನ ಅಂಗಡಿಗೇ ತಂದರು.

"ಚಕ್ರದ್ದೇ ಸರಿ. ನಮ್ಮ ಕಾಲದಲ್ಲಿ ಒಂದು ಜೊತೆ ಹತ್ತು ವರ್ಷ ಬಂತು," ಎಂದರು ಪ್ರಿನ್ಸಿಪಾಲರು. ಅವರ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು.

"ನಿಮ್ಮ ಕಾಲದಲ್ಲಿ ಹುಡುಗ್ರು ಓಡ್ತಾ ಎಲ್ಲಿದ್ರು ಸರ್, ನಡೀತಾ ಇದ್ರು. ಹತ್ತು ವರ್ಷ ಯಾಕೆ ಬರಲ್ಲ?" ಎಂದ ಕೋಚ್.

ಎದುರಿನ ಬೂಟಿನ ಅಂಗಡಿಯ ಓಪಲ್ ಟಟಲ್ ಬಾಗಿಲಲ್ಲಿ ನಿಂತು, "ಇನ್ನೂ ಎರಡು ಜೊತೆ ಇವೆ ಕಣ್ರಪ್ಪ, ಅವನ್ನೂ ಒಂದ್ಸಲ ನೋಡಿ ಪುಣ್ಯ ಕಟ್ಕೊಳ್ಳಿ," ಎಂದಳು. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಹಳೆಯ ಪತ್ರಿಕೆ ತಿರುವುತ್ತಿದ್ದ ಡೆಲ್ಬರ್ಟ್ ಆಗ ತಲೆ ಎತ್ತಿದ. "ಇದಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ? ನಾಲ್ಕು ಕಾಲಿನ ಪ್ರಾಣೀನೇ ನಿಲ್ಲಿಸಿ ತೀರ್ಪು ಕೊಟ್ಟವನು ನಾನು. ಬೂಟು ಅಂದ್ರೆ ಏನು? ಬರೀ ಕಾಲು. ಮೇಲೆ ಹಂದಿ ಇಲ್ಲ ಅಷ್ಟೆ."

 ನಾನು ಕತ್ತಿಯನ್ನು ಮೇಲೆತ್ತಿ ಹಿಡಿದೆ, ಏಕೆಂದರೆ ಪ್ರಿನ್ಸಿಪಾಲರು ತಲೆ ತಿರುಗಿಸುತ್ತಿದ್ದರು. ಜಗಳದಿಂದ ಮರ್ಯಾದೆಯಾಗಿ ಹೊರಬರುವ ದಾರಿ ಅವರಿಗೆ ಕಂಡಿತ್ತು.

"ನೀವು ಜಡ್ಜ್ ಮಾಡ್ತೀರಾ ಹಫ್ನೇಗಲ್? ಪಕ್ಷಪಾತ ಇಲ್ದೆ?"

"ನಂಗೆ ಈ ಊರಲ್ಲಿ ಪಕ್ಷಪಾತ ಮಾಡೋಷ್ಟು ನೆಂಟರೇ ಇಲ್ಲ ಸರ್. ಆದ್ರೆ ಒಂದು ಕೋರಿಕೆ..." ಡೆಲ್ಬರ್ಟ್ ಪತ್ರಿಕೆಯನ್ನು ಸುರುಳಿ ಸುತ್ತಿದ, ಬಿಚ್ಚಿದ. "ಯೂಡೋರಾ ಫಿಂಚ್ ಅಮ್ಮನ ಸೀಟು."

 ಯೂಡೋರಾ ಫಿಂಚ್ ಆಗಸ್ಟಿನಲ್ಲಿ ವಾರಸುದಾರರಿಲ್ಲದೆ ತೀರಿಕೊಂಡಿದ್ದಳು. ನಾಲ್ಕನೇ ಸಾಲು, ಹನ್ನೆರಡನೇ ಸೀಟು, ಅಂಗಣಕ್ಕೆ ಸರಿಯಾಗಿ ನಟ್ಟನಡುವೆ. ಅದಕ್ಕಾಗಿ ಡೆಲ್ಬರ್ಟನದೂ ಸೇರಿ ನಲವತ್ತಮೂರು ಅರ್ಜಿಗಳು ಬಂದಿದ್ದವು, ಎರಡು ಮನೆತನಗಳು ಮಾತು ಬಿಟ್ಟಿದ್ದವು. ಪ್ರಿನ್ಸಿಪಾಲರು ಒಂದು ಗಳಿಗೆ ಯೋಚಿಸಿ, ನಲವತ್ತೆರಡು ಜನರ ಸಿಟ್ಟಿಗಿಂತ ಕೋಚ್ ಒಬ್ಬನ ಬಾಯಿ ದೊಡ್ಡದು ಎಂದು ತೀರ್ಮಾನಿಸಿ, "ಆಯ್ತು, ಕೊಟ್ಟೆ," ಎಂದರು.

ನಮ್ಮ ಮನೆ ಹಫ್ನೇಗಲ್ ಅವರ ಮನೆಗೆ ಒತ್ತಿಕೊಂಡೇ ಇದೆ. ಕೇಳಬಾರದು ಎಂದುಕೊಂಡರೂ, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡರೆ ಎಲ್ಲವೂ ಕೇಳಿಸುತ್ತದೆ.

"ಆವತ್ತು ಗೆದ್ದ ಹಂದಿ ಗಂಡೋ ಹೆಣ್ಣೋ ಅಂತಾನೇ ನಿಂಗೆ ಗೊತ್ತಿರ್ಲಿಲ್ಲ ಡೆಲ್ಬರ್ಟ್," ಎಂದಳು ಲವರ್ನ್.

"ತೀರ್ಪಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ ಕಣೇ. ಈಗ ಅದೆಲ್ಲ ಬಿಡು. ಹನ್ನೆರಡನೇ ಸೀಟು! ಎರಡೂ ಬುಟ್ಟಿ ಕಾಣುತ್ತೆ!"

"ಒಂದೇ ಸೀಟಾ?"

"ಒಂದೇ."

"ನಾನೆಲ್ಲಿ ಕೂತ್ಕೊಳ್ಳೋದು?"

"ನೀನು ರೇಡಿಯೋದಲ್ಲಿ ಕೇಳ್ತೀಯಲ್ಲ. ಅದೇ ಚೆನ್ನಾಗಿರುತ್ತೆ ಅಂತ ನೀನೇ ಹೇಳ್ತಿದ್ದೆ."

"ನಿನ್ನ ಸಮಾಧಾನಕ್ಕೆ ಹೇಳ್ತಿದ್ದೆ," ಎಂದಳು ಲವರ್ನ್. ಆಮೇಲೆ ಒಲೆಯ ಮೇಲೆ ಬಾಣಲೆ ಕುಕ್ಕಿದ ಸದ್ದು ಕೇಳಿತು. ನಾನು ಕುರ್ಚಿ ಎತ್ತಿಕೊಂಡು ಒಳಗೆ ಬಂದೆ.

ಮುಂದಿನ ಶನಿವಾರ ಬೆಳಗ್ಗೆ ಹಾಲಿನಲ್ಲಿ ಮುನ್ನೂರು ಜನ ಸೇರಿದ್ದರು. ಯಾರೋ ಪುಣ್ಯಾತ್ಮರು ಮೇಳದ ಕಟಕಟೆಯಂತೆಯೇ ಇರಲೆಂದು ಅಂಗಣದ ನಡುವೆ ಮರದ ಹೊಟ್ಟು ಹರಡಿದ್ದರು. ಗುಡಿಸುವವನು ಪೊರಕೆ ಹಿಡಿದು ಅದನ್ನೇ ದುರುಗುಟ್ಟಿ ನೋಡುತ್ತಿದ್ದ. ಕಂಪನಿಯ ಗುರುತು ಕಾಣಬಾರದೆಂದು ಪ್ರಿನ್ಸಿಪಾಲರು ತಮ್ಮ ಕೈಯಾರೆ ಎಂಟೂ ಬೂಟುಗಳಿಗೆ ಗಾಯದ ಪಟ್ಟಿ ಅಂಟಿಸಿದ್ದರು. ಒಂದು, ಎರಡು, ಮೂರು, ನಾಲ್ಕು ಎಂದು ಬರೆದ ರಟ್ಟುಗಳ ಎದುರು ನಾಲ್ಕು ಜೊತೆಗಳೂ ಪೆಟ್ಟಾದ ಸಿಪಾಯಿಗಳ ಹಾಗೆ ನಿಂತಿದ್ದವು.

ಡೆಲ್ಬರ್ಟ್ ಎರವಲು ಟೈ ಕಟ್ಟಿಕೊಂಡು ಬಂದ. ಮೊದಲು ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದ. "ನಿಲುವು ಗೊತ್ತಾಗೋದು ಹಿಂದಿನಿಂದಾನೇ," ಎಂದು ಜನರಿಗೆ ತಿಳಿಸಿದ. ಕೊಬ್ಬು ನೋಡುವವನಂತೆ ರಬ್ಬರ್ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಬೂಟಿನ ನಾಲಿಗೆ ಎಳೆದು ಒಳಗೆ ಇಣುಕಿದ. ಅದು ಕುದುರೆಗೆ ಮಾಡುವ ಪರೀಕ್ಷೆ, ಆದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ತನ್ನ ಬೂಟು ಕಳಚಿ ಹಾಕಿ ನೋಡಲು ಕೂತ. ನಾಲ್ಕೂ ಜೊತೆ ಒಂಬತ್ತನೇ ನಂಬರು, ಅವನ ಕಾಲೂ ಒಂಬತ್ತು. ಎಡಗಾಲಿಗೆ ಒಂದನೇ ಜೊತೆಯದು ಹಾಕಿದ, ಬಲಗಾಲಿಗೆ ಮೂರನೇ ಜೊತೆಯದು.

"ಇದೇನಯ್ಯ, ಒಂದೊಂದು ಕಾಲಿಗೆ ಒಂದೊಂದು?" ಎಂದ ಕೋಚ್.

"ಪಕ್ಕಪಕ್ಕ ಇಟ್ಟು ನೋಡ್ದೆ ತೀರ್ಪು ಕೊಡೋದು ಹೇಗೆ? ಹಂದೀನ ಒಂದೊಂದೇ ಒಳಗೆ ಕರೆದು ಮಾತಾಡಿಸ್ತಾರಾ?"

 ಡೆಲ್ಬರ್ಟ್ ಹೊಟ್ಟಿನ ಮೇಲೆ ನಡೆದ, ಓಡಿದ, ಗಕ್ಕನೆ ನಿಂತ, ಒಂದು ಸಲ ಹಾರಿಯೂ ಹಾರಿದ. ನಲವತ್ತಾರು ವರ್ಷದ ಧಾನ್ಯ ತೂಗುವವನು ನೆಲ ಬಿಟ್ಟದ್ದನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಅರ್ಧ ಗಂಟೆಯಾಗುವಷ್ಟರಲ್ಲಿ ಅವನ ಸುತ್ತ ಎಂಟು ಕಪ್ಪು ಬೂಟುಗಳೂ, ಅವನ ಸ್ವಂತದ್ದೆರಡೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವನು ಒಂದೊಂದನ್ನೇ ಎತ್ತಿ ರಟ್ಟುಗಳ ಎದುರು ವಾಪಸ್ ಇಟ್ಟ. ಒಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ತಡವರಿಸಿದ್ದನ್ನು ನಾನು ಕಂಡೆ. ತೀರ್ಪುಗಾರರಿಗೆ ತಡವರಿಕೆ ಒಂದು ಗತ್ತು ಎಂದುಕೊಂಡು ಸುಮ್ಮನಿದ್ದೆ.

ಅವನು ಕೈ ಹಿಂದಕ್ಕೆ ಕಟ್ಟಿದ. 

"ಈ ಸ್ಪರ್ಧೇನ ನಾನು ಮೂರು, ನಾಲ್ಕು, ಎರಡು, ಒಂದು ಅಂತ ಸಾಲು ಮಾಡ್ತೀನಿ. ಮೂರನೇದು ಮೊದಲು. ಯಾಕೆ ಅಂದ್ರೆ, ಠೀವಿ. ಕತ್ತು ನೆಟ್ಟಗಿದೆ, ಲೇಸು ಕಟ್ಟಿದ್ರೂ ಬಾಗಲ್ಲ. ಮೈಕಟ್ಟು ನೋಡಿದ್ರೆ, ಹಿಮ್ಮಡಿ ಅಗಲ, ಮೂತಿ ಗಟ್ಟಿ, ಹೊಲಿಗೆ ಎರಡು ಸಾಲು, ಎಲ್ಲೂ ದಾರ ಬಿಟ್ಟಿಲ್ಲ. ಇನ್ನು ಸುಖ. ಗಿಣ್ಣನ್ನ ಹಿಡ್ಕೊಳ್ಳುತ್ತೆ, ಕಚ್ಚಲ್ಲ. ಎಲ್ಲಕ್ಕಿಂತ ಮುಖ್ಯ, ಎಡ ಬಲ ಎರಡೂ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಅವಳಿ ಮಕ್ಕಳ ಹಾಗಿವೆ. ನಾಲ್ಕನೇದರ ಅಟ್ಟೆ ಮೆತ್ತಗಿದೆ, ಒಪ್ಕೊಳ್ತೀನಿ. ಆದ್ರೆ ನಡೀವಾಗ ಸೊಂಟ ಬಿಗಿ."

"ಬೂಟಿಗೆ ಸೊಂಟ ಎಲ್ಲಿದೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಹತ್ತು ಜನ ಅವರನ್ನು ಗದರಿಸಿ ಕೂರಿಸಿದರು.

"ಎರಡನೇದು ಕೂತವರಿಗೆ ಚೆನ್ನ, ಆಡೋರಿಗಲ್ಲ. ಒಂದನೇದು ಕೊನೆ. ಅದರ ಎಡಗಾಲಿಗೂ ಬಲಗಾಲಿಗೂ ಪರಿಚಯಾನೇ ಇಲ್ಲ. ಒಂದು ಈಚೆಗೆ ಹೋದ್ರೆ ಒಂದು ಆಚೆಗೆ ಹೋಗುತ್ತೆ. ಇಂಥ ಜೋಡಿ ಮಾಡಿದವರು ನಾಚ್ಕೋಬೇಕು. ಇವೇ ನನ್ನ ಕಾರಣಗಳು."

ಚಪ್ಪಾಳೆ ಸೂರಿಗೆ ಮುಟ್ಟಿತು. ನಾನಂತೂ ನಿಜವಾಗಿ ಹೆಮ್ಮೆಪಟ್ಟೆ. ನನ್ನ ಪಕ್ಕದ ಮನೆಯವನಲ್ಲವೇ. ಮೂರನೇ ಜೊತೆಗೆ ಮೊದಲ ಸ್ಥಾನದ ನೇರಳೆ ರಿಬ್ಬನ್ ಕಟ್ಟಿದರು. ಓಪಲ್ ಟಟಲ್ ಬಗ್ಗಿ ಎಡಬೂಟಿನ ಪಟ್ಟಿ ಕಿತ್ತಳು: ಚಕ್ರ. ಪ್ರಿನ್ಸಿಪಾಲರು ಎದ್ದುನಿಂತು ಕೈಬೀಸಿದರು. ಬಲಬೂಟಿನ ಪಟ್ಟಿ ಕಿತ್ತಳು: ಹದ್ದು. ಪ್ರಿನ್ಸಿಪಾಲರ ಕೈ ಗಾಳಿಯಲ್ಲೇ ನಿಂತಿತು. ಓಪಲ್ ಅವಸರದಿಂದ ಕೊನೆಯ ಸ್ಥಾನದ ಒಂದನೇ ಜೊತೆಯ ಪಟ್ಟಿ ಕಿತ್ತಳು. ಎಡಗಾಲು ಹದ್ದು, ಬಲಗಾಲು ಚಕ್ರ.

ಡೆಲ್ಬರ್ಟನ ಕಿವಿಗಳು ಟೊಮೇಟೊ ಬಣ್ಣಕ್ಕೆ ತಿರುಗಿದವು. "ನಾನು... ವಾಪಸ್ ಇಡುವಾಗ..." ಎಂದು ಬಾಯಿ ತೆರೆದ.

ಆದರೆ ಕೋಚ್‌ನ ತಲೆ ಅವನ ಬಾಯಿಗಿಂತ ಜೋರಾಗಿ ಓಡುತ್ತಿತ್ತು. ತನ್ನ ಹದ್ದು ಪೂರ್ತಿ ಗೆದ್ದಿಲ್ಲ, ಪೂರ್ತಿ ಸೋತೂ ಇಲ್ಲ; ಇನ್ನೊಮ್ಮೆ ಸ್ಪರ್ಧೆ ಇಟ್ಟರೆ ಏನಾಗುತ್ತದೋ ಹೇಳಬರುವಂತಿಲ್ಲ. "ಅಬ್ಬಬ್ಬಾ! ಈಗ ಹೊಳೀತು ನೋಡಿ. ಎಡಗಾಲು ತಿರುಗೋ ಕಾಲು, ಬಲಗಾಲು ಹಾರೋ ಕಾಲು. ಎರಡಕ್ಕೂ ಒಂದೇ ಬೂಟು ಹಾಕಿಸ್ತಿದ್ದೋರು ನಾವೇ ದಡ್ಡರು!" ಎಂದು ಕೂಗಿದ.

ಪ್ರಿನ್ಸಿಪಾಲರೂ ಎಡಗಾಲಾದರೂ ತಮ್ಮದಾಯಿತಲ್ಲ ಎಂದು ಲೆಕ್ಕ ಹಾಕಿ, "ಅದನ್ನೇ ನಾನೂ ಹೇಳಬೇಕು ಅಂತಿದ್ದೆ," ಎಂದರು.

"ಮೊದಲು ಬಂದದ್ದೂ ಕೊನೆಗೆ ಬಂದದ್ದೂ ಅವೇ ಬೂಟುಗಳಲ್ರೀ!" ಎಂದಳು ಓಪಲ್.

"ಅದರಲ್ಲೇನಮ್ಮ ವಿಶೇಷ?" ಎಂದ ಮುಂದಿನ ಸಾಲಿನ ಹಳೆಯ ರೈತನೊಬ್ಬ. "ಅದೇ ಅಪ್ಪ, ಅದೇ ಅಮ್ಮ, ಮರಿಗಳಲ್ಲಿ ಒಂದಕ್ಕೆ ರಿಬ್ಬನ್ನು, ಇನ್ನೊಂದಕ್ಕೆ ಏನೂ ಇಲ್ಲ. ನಮ್ಮನೇಲೇ ಆಗಿದೆ. ಕೂಡಿಬರೋದು ಮುಖ್ಯ."

ಮುನ್ನೂರು ಜನ ತಲೆದೂಗಿದರು. ಒಬ್ಬೊಬ್ಬರಾಗಿ ಬಂದು ತೀರ್ಪುಗಾರನ ಕೈ ಕುಲುಕಿದರು. ಪದ್ಧತಿಯ ಪ್ರಕಾರ ಅಲ್ಲಿಗೆ ವಿಷಯ ಮುಗಿಯಿತು. ಅಂಗಣಕ್ಕಿಳಿಯುವ ಮೊದಲ ಐವರಿಗೆ ಎಡಗಾಲಿಗೆ ಚಕ್ರ, ಬಲಗಾಲಿಗೆ ಹದ್ದು. ಬೆಂಚಿನಲ್ಲಿ ಕೂರುವವರಿಗೆ ಉಳಿದ ಕಾಲುಗಳು.

ಮುಂದಿನ ಮೂರು ವಾರ ಡೆಲ್ಬರ್ಟ್ ತಪ್ಪೊಪ್ಪಿಕೊಳ್ಳಲು ಊರೆಲ್ಲ ತಿರುಗಿದ. ಅವನಿಗೆ ಸೀಟೂ ಬೇಕಿತ್ತು, ನಿದ್ದೆಯೂ ಬೇಕಿತ್ತು. ಪ್ರಿನ್ಸಿಪಾಲರ ಕೋಣೆಗೆ ಹೋದರೆ ಅವರು ಬಾಗಿಲು ಹಾಕಿ, "ನೀವು ಏನೂ ಹೇಳಬೇಡಿ ಹಫ್ನೇಗಲ್. ಕೋಚೂ ನಾನೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಒಂಬತ್ತು ವರ್ಷದಲ್ಲಿ ಇದೇ ಮೊದಲು. ಆ ಕಾಗದಕ್ಕೆ ಕಟ್ಟು ಹಾಕಿಸ್ತಿದೀನಿ," ಎಂದರು. ಪಾದ್ರಿಗಳ ಹತ್ತಿರ ಹೋದರೆ, ಅವರು ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ವಿನಯ ಎಂದು ತಿಳಿದು, ಭಾನುವಾರದ ಪ್ರವಚನದಲ್ಲಿ ಗಂಡ ಹೆಂಡತಿ ಒಂದೇ ಥರ ಇರಬೇಕಿಲ್ಲ, ಒಂದೇ ಕಡೆ ನಡೆದರೆ ಸಾಕು ಎಂದು ಬೂಟಿನ ಉದಾಹರಣೆ ಕೊಟ್ಟರು. ಲವರ್ನ್ ಡೆಲ್ಬರ್ಟನ ಕಡೆ ತಿರುಗಿ ನೋಡಿದ ನೋಟ ಮೂರು ಬೆಂಚು ಹಿಂದೆ ಕೂತಿದ್ದ ನನಗೂ ಚುಚ್ಚಿತು.

ಕೊನೆಗೆ ನನ್ನ ಕುರ್ಚಿಗೆ ಬಂದು ಕೂತ. ನಾನು ಬಟ್ಟೆ ಹೊದಿಸುವಷ್ಟರಲ್ಲಿ ಎಲ್ಲವನ್ನೂ ಕಕ್ಕಿದ. "ಅದಲು ಬದಲು ಆಯ್ತು ಕಣಯ್ಯ. ತೀರ್ಪಲ್ಲ, ಬರೀ ಗೊಂದಲ."

"ಸೀಟು ಬೇಕೋ ಬೇಡ್ವೋ?"

"ಬೇಕು."

"ಹಾಗಿದ್ರೆ ಅಲ್ಲಾಡ್ಬೇಡ, ಕಿವಿ ಕುಯ್ದೀತು," ಎಂದೆ. ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹದ್ದಿನ ಕಂಪನಿಯ ಪ್ರತಿನಿಧಿ ದೊಡ್ಡ ಊರಿನಿಂದ ಓಪಲ್‌ಳ ಅಂಗಡಿಗೆ ಓಡಿಬಂದ. ಚಿಟ್ಟೆಯಂಥ ಟೈ ಕಟ್ಟಿಕೊಂಡಿದ್ದ. "ಮೇಡಂ, ನಮ್ಮ ಬೂಟನ್ನ ಇನ್ನೊಬ್ಬರ ಬೂಟಿನ ಜೊತೆ ಹಾಕೋದು ಕಂಪನಿಗೆ ಅವಮಾನ," ಎಂದ.

"ನೀವು ಜೊತೆ ಮಾರ್ತೀರಿ, ನಾವು ಜೊತೇನೇ ಕೊಂಡಿದೀವಿ," ಎಂದಳು ಓಪಲ್. "ಮನೆಗೆ ತಂದ್ಮೇಲೆ ಯಾವ ಕಾಲನ್ನ ಯಾರ ಜೊತೆ ಕೂರಿಸ್ತೀವಿ ಅನ್ನೋದು ಮನೆಯವರ ವಿಷಯ."

ಅವಳ ಕಿಟಕಿಯಲ್ಲಿ ಆಗಲೇ ಬೆಸ ಜೋಡಿಗಳು ನಿಂತಿದ್ದವು. ಅಂಚೆಯವನು ಒಂದು ಕಾಲಿಗೆ ಕಂದು, ಒಂದು ಕಾಲಿಗೆ ಕಪ್ಪು ಹಾಕಿಕೊಂಡು ಬೆನ್ನುನೋವು ಹೋಯಿತೆಂದು ಹೇಳುತ್ತ ತಿರುಗುತ್ತಿದ್ದ. ಪ್ರತಿನಿಧಿ ಅವನ ಕಾಲು ನೋಡಿದ, ಪ್ರವಚನಕ್ಕೆ ಹೋಗುತ್ತಿದ್ದ ಪಾದ್ರಿಗಳ ಕಾಲು ನೋಡಿದ, ಕಾರು ಹತ್ತಿದ.

ನವೆಂಬರಿನ ಮೊದಲ ಆಟ ಪ್ಲಮ್‌ವಿಲ್‌ನವರ ಜೊತೆ, ಶುಕ್ರವಾರ ಸಂಜೆ. ಡೆಲ್ಬರ್ಟ್ ನಾಲ್ಕನೇ ಸಾಲಿಗೆ ನಡೆದುಬಂದು ಹನ್ನೆರಡನೇ ಸೀಟಿನಲ್ಲಿ ಕೂತ. ಮೂವತ್ತು ವರ್ಷ ಯೂಡೋರಾ ಫಿಂಚ್ ಕೂತು ಕೂತು ಹಲಗೆ ಕನ್ನಡಿಯಂತೆ ನುಣುಪಾಗಿತ್ತು. ಅವನು ಎಡಗಡೆಯ ಬುಟ್ಟಿ ನೋಡಿದ. ಬಲಗಡೆಯ ಬುಟ್ಟಿ ನೋಡಿದ. ಮತ್ತೆ ಎಡಗಡೆ ನೋಡಿದ. ಅವನ ಕಣ್ಣಲ್ಲಿ ನೀರು ಬಂದದ್ದು ನನಗೆ ಆರನೇ ಸಾಲಿನಿಂದ ಕಾಣದಿದ್ದರೂ, ಭುಜ ಅಲುಗಿದ್ದರಿಂದ ಗೊತ್ತಾಯಿತು. ಪಕ್ಕದ ಮೆಟ್ಟಿಲ ಮೇಲೆ ಲವರ್ನ್ ತನ್ನ ಒಳ್ಳೆಯ ಹ್ಯಾಟು ಹಾಕಿಕೊಂಡು, ಪಾಪ್‌ಕಾರ್ನ್ ಪೊಟ್ಟಣ ಹಿಡಿದು ನಿಂತಿದ್ದಳು. ಗಂಡ ಸೀಟಿನಲ್ಲಿ ಕೂತದ್ದನ್ನು ಒಂದು ಸಲ ನೋಡಿ ಹೋಗುತ್ತೇನೆಂದು ಬಂದಿದ್ದಳು.

ನಮ್ಮ ಹುಡುಗರು ಅಂಗಣಕ್ಕೆ ಇಳಿದರು. ಪ್ಲಮ್‌ವಿಲ್ ಕೋಚ್ ಅವರ ಕಾಲುಗಳನ್ನು ನೋಡಿ, ಕಣ್ಣುಜ್ಜಿಕೊಂಡು, ರೆಫರಿಯ ಹತ್ತಿರ ಓಡಿದ. "ಇದೇನ್ರೀ ಇದು? ನಮ್ಮನ್ನ ಗೇಲಿ ಮಾಡ್ತಿದಾರಾ?"

ರೆಫರಿ ವೆಂಡೆಲ್ ಕ್ರೀಗ್ಬಾಮ್ ಜೇಬಿನಿಂದ ನಿಯಮದ ಪುಸ್ತಕ ತೆಗೆದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದ. ಎರಡು ಬೂಟೂ ಒಂದೇ ಇರಬೇಕೆಂದು ಬರೆಯುವ ಅಗತ್ಯ ಯಾರಿಗೂ ತೋರಿರಲಿಲ್ಲ. "ಇದನ್ನ ಆರಿಸಿದವರು ಯಾರು?" ಎಂದು ಕೇಳಿದ.

ಎರಡು ಸಾವಿರ ಕೈಗಳು ಹನ್ನೆರಡನೇ ಸೀಟಿನ ಕಡೆ ಚಾಚಿದವು.

"ಕೆಳಗೆ ಬನ್ನಿ. ನಿಮ್ಮ ಕಾರಣ ಹೇಳಿ. ನ್ಯಾಯ ಅನ್ನಿಸಿದ್ರೆ ಆಡ್ಲಿ, ಇಲ್ಲಾಂದ್ರೆ ಬೂಟು ಬಿಚ್ಲಿ."

ಡೆಲ್ಬರ್ಟ್ ಇಳಿದುಬಂದ. ಅಭ್ಯಾಸಬಲದಿಂದ ಕೈ ಹಿಂದಕ್ಕೆ ಕಟ್ಟಿದ. ಅದೇ ಅವನಿಗೆ ಮುಳುವಾಯಿತು. ಮನೆಯಲ್ಲಿ, ಗೋದಾಮಿನಲ್ಲಿ, ನನ್ನ ಕುರ್ಚಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಹೇಳಬಹುದು. ಆದರೆ ಕೈ ಹಿಂದಕ್ಕೆ ಕಟ್ಟಿ ನಿಂತ ಮೇಲೆ ಕಂಡದ್ದನ್ನೇ ಹೇಳಬೇಕು. ಅವನು ಮೇಲೆ ಸೀಟಿನ ಕಡೆ ಒಮ್ಮೆ ನೋಡಿದ.

"ಕಾರಣ ಇಲ್ಲ," ಎಂದ. "ಬಿಚ್ಚಿ ವಾಪಸ್ ಇಡುವಾಗ ಒಂದನೇದಕ್ಕೂ ಮೂರನೇದಕ್ಕೂ ಅದಲು ಬದಲಾಯ್ತು. ಅವಳಿ ಮಕ್ಕಳು ಅಂದೆ. ಅವು ಬೇರೆ ಬೇರೆ ಮನೆಯವು. ನಂಗೆ ಸೀಟು ಬೇಕಿತ್ತು, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ."

 ರೆಫರಿ ಪುಸ್ತಕ ಮುಚ್ಚಿದ. ಅವನ ಮನೆಯಲ್ಲಿ ಎಂಬತ್ತು ಹಂದಿಗಳಿವೆ ಎನ್ನುವುದನ್ನು ಇಲ್ಲಿ ಹೇಳಬೇಕು.

"ಮೂರನೇದನ್ನ ಮೊದಲು ಇಟ್ರಿ ತಾನೆ?"

"ಇಟ್ಟೆ."

"ಎಲ್ಲ ಬಂದು ಕೈ ಕುಲುಕಿದ್ರಾ?"

"ಕುಲುಕಿದ್ರು."

"ಹಾಗಿದ್ರೆ ಮುಗೀತು. ಕೈ ಕುಲುಕಿದ್ಮೇಲೆ ತೀರ್ಪನ್ನ ಅಲ್ಲಾಡಿಸೋಕೆ ಕೊಟ್ಟವನಿಗೂ ಹಕ್ಕಿಲ್ಲ. ತೀರ್ಪು ನಿಂತಿದೆ." ಪ್ಲಮ್‌ವಿಲ್ ಕೋಚ್ ಕೂಡ ಹಂದಿಯ ಊರಿನವನೇ. ಅವನು ನಿಟ್ಟುಸಿರು ಬಿಟ್ಟು ಬಂದು ಡೆಲ್ಬರ್ಟನ ಕೈ ಕುಲುಕಿದ.

ಆಗ ಉಳಿದ ನಲವತ್ತೆರಡು ಅರ್ಜಿದಾರರಿಗೂ ಒಂದೇ ಗಳಿಗೆಯಲ್ಲಿ ಒಂದೇ ಯೋಚನೆ ಬಂತು. ಎಲ್ಲರೂ ನಾಲ್ಕನೇ ಸಾಲಿನ ಕಡೆ ತಿರುಗಿದರು. ಹನ್ನೆರಡನೇ ಸೀಟಿನಲ್ಲಿ ಲವರ್ನ್ ಹ್ಯಾಟು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಪಾಪ್‌ಕಾರ್ನ್ ತೊಡೆಯ ಮೇಲಿತ್ತು.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು ಮೇಲೆ ಬಂದರು. "ಅಮ್ಮಾ, ಆ ಸೀಟು ಕೊಟ್ಟಿದ್ದು ಸರಿಯಾದ ತೀರ್ಪಿಗೆ..."

"ನೀವು ಕೊಟ್ಟಿದ್ದು ತೀರ್ಪಿಗೆ. ಸರಿಯಾದ್ದು ಅಂತ ಆವತ್ತು ಅಂದಿರ್ಲಿಲ್ಲ," ಎಂದಳು ಲವರ್ನ್. "ತೀರ್ಪು ನಿಂತಿದೆ ಅಂತ ಇವರು ಈಗ ತಾನೆ ಹೇಳಿದ್ರು. ಅದು ನಿಂತಿರ್ಲಿ. ನಾನು ಕೂತಿರ್ತೀನಿ. ನೀವು ಸ್ವಲ್ಪ ಸರೀರಿ ಸರ್, ಬುಟ್ಟಿ ಕಾಣ್ತಿಲ್ಲ."

ಪ್ರಿನ್ಸಿಪಾಲರು ಸರಿದರು. ಆ ದನಿ ಕೇಳಿದ ಮೇಲೆ ನಾನಾಗಿದ್ದರೂ ಸರಿಯುತ್ತಿದ್ದೆ.

ಡೆಲ್ಬರ್ಟ್ ಮೆಟ್ಟಿಲಿನ ಅರ್ಧಕ್ಕೆ ಬಂದಿದ್ದವನು ಅಲ್ಲೇ ನಿಂತು ಹೆಂಡತಿಯನ್ನು ನೋಡಿದ. ಅವಳು ಎರಡೂ ಬುಟ್ಟಿಗಳನ್ನು ಒಂದಾದ ಮೇಲೊಂದು ನೋಡಿ ಬಾಯಿ ತುಂಬ ನಗುತ್ತಿದ್ದಳು. ಅವನು ಹಿಂದಿರುಗಿ, ಬಾಯ್ಲರ್ ಕೋಣೆಯ ಬಾಗಿಲಿಗೆ ಹೋಗಿ, ಕಂಬದ ಹಿಂದೆ ತನ್ನ ಹಳೆಯ ಜಾಗದಲ್ಲಿ ನಿಂತ.

ಆ ಸಂಜೆ ನಾವು ಎರಡು ಪಾಯಿಂಟುಗಳಿಂದ ಗೆದ್ದೆವು. ಬೂಟಿನ ಗುಣದಿಂದಲ್ಲ, ಪ್ಲಮ್‌ವಿಲ್ ಹುಡುಗರು ಆಟದುದ್ದಕ್ಕೂ ಚೆಂಡು ಬಿಟ್ಟು ನಮ್ಮ ಹುಡುಗರ ಕಾಲುಗಳನ್ನೇ ನೋಡುತ್ತಿದ್ದರು. ಆದರೆ ನಾನು ಹೇಳಬೇಕಾದದ್ದು ಅದಲ್ಲ. ಕೊನೆಯ ಹತ್ತು ನಿಮಿಷ ಇರುವಾಗ ಸಮಾಧಾನ ಹೇಳೋಣವೆಂದು ಎರಡು ಲೋಟ ಕಾಫಿ ಹಿಡಿದು ಡೆಲ್ಬರ್ಟನ ಹತ್ತಿರ ಹೋದೆ. ಅವನು ಕಣ್ಣು ಮುಚ್ಚಿ, ಕಿವಿ ಮುಂದಕ್ಕೆ ಚಾಚಿ, ಹಬ್ಬದೂಟ ಉಂಡವನ ಮುಖ ಮಾಡಿಕೊಂಡು ನಿಂತಿದ್ದ.

"ಶ್! ಕೇಳಿಸ್ಕೋ," ಎಂದ. "ಚಕ್ರ ಕೀಚ್ ಅನ್ನುತ್ತೆ, ಹದ್ದು ಚಪ್ ಅನ್ನುತ್ತೆ. ಹನ್ನೊಂದು ವರ್ಷ ಎಲ್ಲ ಕಾಲೂ ಒಂದೇ ಥರ ಕೇಳ್ತಿತ್ತು, ಬರೀ ಊಹೆ. ಈಗ ನೋಡು, ಕೀಚ್... ಕೀಚ್... ಎಡಗಾಲ ಮೇಲೆ ತಿರುಗ್ತಿದಾನೆ... ಚಪ್! ಹಾರಿದ!"

ಜನ ಹೋ ಎಂದು ಎದ್ದುನಿಂತರು. ಆ ಗದ್ದಲದ ಮೇಲೆ ನಾಲ್ಕನೇ ಸಾಲಿನಿಂದ ಲವರ್ನ್‌ಳ ದನಿ ಬಂತು: "ಡೆಲ್ಬರ್ಟ್! ಆ ಕಡೆ ಬುಟ್ಟೀಲಿ ಬಿತ್ತು ಕಣೋ! ನಿಂಗೆ ಕಾಣಿಸ್ಲಿಲ್ಲ!"

ಡೆಲ್ಬರ್ಟ್ ಕಣ್ಣು ತೆರೆಯಲಿಲ್ಲ. ನನ್ನ ಕೈಯಿಂದ ಕಾಫಿ ಇಸಿದುಕೊಂಡು, ಕಂಬದ ಆಚೆಗೆ ಕೇಳುವಂತೆ ಕೂಗಿದ:

"ಗೊತ್ತು ಕಣೇ! ಬಲಗಾಲು ಆಗ್ಲೇ ಹೇಳ್ತು!"